ನಾಲ್ಕು ಸೈಕಲ್, ಒಂದು ಹ್ಯಾಚ್‌ಬ್ಯಾಕ್: ಕುಂದಾಪುರಕ್ಕೆ ಒಯ್ಯೋಕೆ ಯಾವ ರ‍್ಯಾಕ್?

ಕೋಡಿಬದಿ
ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಎರಡನೇ ವಾರದಿಂದ ಮಕ್ಕಳಿಗೆ ರಜೆ. ಈ ಸಲ ಅಮ್ಮನ ಮನೆಗೆ ಹೋಗುವಾಗ ಸೈಕಲ್ಲುಗಳನ್ನೂ ಕರ್ಕೊಂಡು ಹೋಗಬೇಕು ಅಂತ ಇಬ್ಬರದ್ದೂ ಹಟ. ನನಗೂ ಆಸೆ ಇದೆ. ಇಲ್ಲಿ ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಕಾಂಪೌಂಡಿನೊಳಗೆ ಸುತ್ತು ಹೊಡೆದು ಹೊಡೆದು ಅವರಿಗೂ ಬೇಜಾರಾಗಿದೆ.

ನಮ್ಮದು ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹಿಂದೆ ಗಾಜಿನ ಮೇಲ್ಗಡೆ ಹೊರಗೆ ಚಾಚಿದ ಪ್ಲಾಸ್ಟಿಕ್ ಅಂಚು, ಅಂದರೆ ಸ್ಪಾಯ್ಲರ್ ಇದೆ, ಒಂದು ವೈಪರ್ ಇದೆ. ಛಾವಣಿಗೆ ರೇಲ್ ಇಲ್ಲ. ಸೈಕಲ್ಲುಗಳನ್ನ ನಿನ್ನೆ ರಾತ್ರಿ ಬಾತ್‌ರೂಮಿನ ತೂಕದ ಯಂತ್ರದಲ್ಲಿ ತೂಗಿದೆ. ಯಜಮಾನರ ಹೈಬ್ರಿಡ್ 15 ಕೆಜಿ, ನನ್ನ ಲೇಡೀಸ್ ಸೈಕಲ್ 16, ಮಗಳ 24 ಇಂಚಿನದು 13, ಮಗನ 20 ಇಂಚಿನದು 11. ಒಟ್ಟು 55 ಕೆಜಿ.

ಡಿಕ್ಕಿಗೆ ಪಟ್ಟಿ ಕಟ್ಟೋ ರ‍್ಯಾಕಾ, ಛಾವಣಿ ಮೇಲಿನದಾ? ಅಂಗಡಿಯವರು ಎರಡೂ ಚೆನ್ನಾಗಿದೆ ಅಂತಾರೆ. ಬಳಸಿದವರು ಹೇಳಿ. ದಾರಿ ನಾನೂರು ಕಿಲೋಮೀಟರಿಗೆ ಜಾಸ್ತಿ, ನಡುವೆ ಘಾಟಿ.

ಸರ್ಜಾಪುರ ಸವಾರ
ಡಿಕ್ಕಿ ರ‍್ಯಾಕ್ ತಗೊಳ್ಳಿ. ಅಗ್ಗ, ಹತ್ತು ನಿಮಿಷದಲ್ಲಿ ಹಾಕಬಹುದು, ಬೇಡವಾದಾಗ ಮಡಚಿ ಮಂಚದ ಕೆಳಗೆ ಇಡಬಹುದು. ನಾಲ್ಕು ವರ್ಷದಿಂದ ಬಳಸ್ತಿದ್ದೀನಿ.

ಪಂಚರ್ ಅಂಗಡಿ
ಮೇಲಿನವರು ಸ್ಪಾಯ್ಲರ್ ಅನ್ನೋ ಪದ ಓದಿದ ಹಾಗಿಲ್ಲ.

ಮೇಡಂ, ಡಿಕ್ಕಿ ರ‍್ಯಾಕಿನ ಮೇಲಿನ ಕೊಕ್ಕೆಗಳು ಟೇಲ್‌ಗೇಟ್ (ಡಿಕ್ಕಿ ಬಾಗಿಲು) ಮತ್ತು ಛಾವಣಿ ನಡುವಿನ ಸಂದಿಯಲ್ಲಿ ಕೂರಬೇಕು. ಅಲ್ಲಿಂದ ಬರೋ ಪಟ್ಟಿ ಸ್ಪಾಯ್ಲರ್ ಮೇಲೆ ಹಾದು ಬರುತ್ತೆ. ಬಿಗಿ ಮಾಡಿದಂಗೆಲ್ಲ ಅಷ್ಟೂ ಎಳೆತ ಆ ಪ್ಲಾಸ್ಟಿಕ್ ಅಂಚಿನ ಮೇಲೆ. ಒಂದು ಸೈಕಲ್ ಹಾಕಿ ಊರೊಳಗೆ ಓಡಾಡಿದರೆ ಗೊತ್ತಾಗಲ್ಲ. ಮೂರು ಹಾಕಿ ಹಂಪ್ ಹತ್ತಿಳಿಸಿದರೆ ಬಿರುಕು ಬಿಡುತ್ತೆ. ನನ್ನ ಭಾವನ ಕಾರಲ್ಲಿ ಹಾಗೇ ಆಯ್ತು. ಗೆರೆಯಷ್ಟು ಸಣ್ಣ ಬಿರುಕು, ಮಳೆಗಾಲ ಬಂದಾಗ ಬ್ರೇಕ್ ಲೈಟಿನೊಳಗೆ ನೀರು ತುಂಬಿದ ಮೇಲೆ ಕಣ್ಣಿಗೆ ಬಿತ್ತು.

ಮೊದಲು ರ‍್ಯಾಕ್ ಕಂಪನಿಯ ಫಿಟ್ ಲಿಸ್ಟ್ ತೆಗೆದು ನಿಮ್ಮ ಕಾರಿನ ಮಾಡೆಲ್, ವರ್ಷ ಎರಡೂ ಇದೆಯಾ ನೋಡಿ. ಕಮಾನಿನಂತೆ ಬಾಗಿದ ರ‍್ಯಾಕುಗಳಿವೆ, ಅಮೆರಿಕದ ಸಾರಿಸ್ ಬೋನ್ಸ್ ಥರದವು. ಅವು ಸ್ಪಾಯ್ಲರ್ ಮುಟ್ಟದೆ ಅದರ ಮೇಲಿಂದ ಹಾಯ್ದು ಹೋಗ್ತವೆ. ಆದರೂ ಪಟ್ಟಿ ಎಲ್ಲಿ ಹಾಯುತ್ತೆ ಅಂತ ಕಾರಿನ ಮೇಲೆ ಇಟ್ಟೇ ನೋಡಬೇಕು.

ವೀಕೆಂಡ್ ಅಪ್ಪ
ಛಾವಣಿ ಮೇಲೆ ಹಾಕ್ಬೇಡಿ. ದಯವಿಟ್ಟು.

ಮೂರು ವರ್ಷದ ಹಿಂದೆ ನಂದಿ ಬೆಟ್ಟದಿಂದ ವಾಪಸ್ ಬಂದೆ. ಬೆಳಗ್ಗೆ ನಾಲ್ಕಕ್ಕೆ ಎದ್ದಿದ್ದು, ಮಗ ಹಿಂದಿನ ಸೀಟಲ್ಲಿ ನಿದ್ದೆ. ಮೇಲೆ ಎರಡು ಸೈಕಲ್ ಇರೋದು ತಲೆಯಿಂದ ಪೂರ್ತಿ ಹೋಗಿತ್ತು. ನಮ್ಮ ಬೇಸ್‌ಮೆಂಟ್ ಬಾಗಿಲಲ್ಲಿ 2.1 ಮೀಟರ್ ಅಂತ ದೊಡ್ಡ ಹಳದಿ ಬೋರ್ಡು, ದಿನಾ ನೋಡೋದೇ. ಇಳಿಜಾರಲ್ಲಿ ಇಳಿದೆ, ತಲೆ ಮೇಲೆ ಮರ ಬಿದ್ದಂಥ ಸದ್ದು. ನನ್ನ ಸೈಕಲ್ಲಿನ ಹ್ಯಾಂಡಲ್ ತೊಲೆಗೆ ಸಿಕ್ಕಿ, ಅಡ್ಡಪಟ್ಟಿ ಸಮೇತ ಹಿಂದಕ್ಕೆ ಕಿತ್ತು ಬಂದಿತ್ತು. ಛಾವಣಿಯಲ್ಲಿ ಅಂಗೈ ಅಗಲದ ಗುಳಿ ಎರಡು ಕಡೆ. ಮಗ ಎದ್ದು ಅಳೋಕೆ ಶುರು ಮಾಡಿದ. ಅವನ ಸೈಕಲ್ಲಿಗೆ ಏನೂ ಆಗಿರಲಿಲ್ಲ, ಅದೊಂದು ಪುಣ್ಯ.

ಲೆಕ್ಕ ಹಾಕಿ: ಕಾರು ಒಂದೂವರೆ ಮೀಟರ್, ಮೇಲೆ ನಿಂತ ಸೈಕಲ್ ಒಂದು ಮೀಟರಿಗೆ ಮೇಲೆ. ಒಟ್ಟು ಎರಡೂವರೆ ದಾಟುತ್ತೆ.

ಮಲ್ಲಿಗೆ ಮೈಸೂರು
ಅಯ್ಯೋ ಪಾಪ. ಬೇಸ್‌ಮೆಂಟ್ ಬಿಡಿ, ನಮ್ಮ ಬೀದಿಗಳಲ್ಲಿ ಜೋತು ಬಿದ್ದ ಕೇಬಲ್ ವೈರುಗಳ ಕಥೆ ಏನು? ಮರದ ಕೊಂಬೆ ಬೇರೆ.

ಹುಬ್ಬಳ್ಳಿ ಹೈದ
ಛಾವಣಿ ರ‍್ಯಾಕ್ ಅಂದ್ರ ಎಲ್ಲಾರೂ ಹಿಂಗ ಹೆದರಸ್ತೀರಿ. ನಾ ಐದು ವರ್ಷ ಆತು ಮ್ಯಾಲೇ ಹಾಕ್ಕೊಂಡು ಅಡ್ಡಾಡಾಕತ್ತೇನಿ. ದಾಂಡೇಲಿ, ಯಾಣ, ಗೋಕರ್ಣ ಎಲ್ಲಾ ಆಗ್ಯಾವ. ಹಿಂದಿನ ಗಾಜು ಖುಲ್ಲಾ ಇರ್ತದ, ನಂಬರ್ ಪ್ಲೇಟ್ ಕಾಣ್ತದ, ಡಿಕ್ಕಿ ಬೇಕಾದಾಗ ತಗೀಬಹುದು. ಡಿಕ್ಕಿ ರ‍್ಯಾಕ್ ಹಾಕಿದ್ರ ನೀರಿನ ಬಾಟ್ಲಿ ಬೇಕಂದ್ರೂ ಮೂರೂ ಸೈಕಲ್ ಇಳಸ್ಬೇಕು ನೋಡ್ರಿ.

ಎತ್ತರದ ವಿಷಯಕ್ಕ ನಾ ಒಂದು ಚೀಟಿ ಬರದು ಸ್ಟೀರಿಂಗ್ ನಡುವ ಅಂಟಸ್ತೇನಿ, "ಮ್ಯಾಲೆ ಸೈಕಲ್ ಅದ" ಅಂತ. ಸೈಕಲ್ ಇಳಸೂತನಕ ಚೀಟಿ ತಗಿಯಂಗಿಲ್ಲ.

ಪಂಚರ್ ಅಂಗಡಿ
@ಹುಬ್ಬಳ್ಳಿ ಹೈದ ಚೀಟಿ ಉಪಾಯ ಒಳ್ಳೇದು. ಆದರೆ ಇವರ ಕಾರಿಗೆ ರೇಲ್ ಇಲ್ಲ, ಬಾಗಿಲ ಚೌಕಟ್ಟಿಗೆ ಹಿಡಿಯೋ ಕ್ಲ್ಯಾಂಪ್ ಬೇಕು. ಛಾವಣಿ ಎಷ್ಟು ಭಾರ ಹೊರುತ್ತೆ ಅನ್ನೋದು ಕಾರಿನ ಕೈಪಿಡಿಯಲ್ಲಿರುತ್ತೆ. ಬಹಳ ಹ್ಯಾಚ್‌ಬ್ಯಾಕುಗಳಿಗೆ 50 ಕೆಜಿ ಆಸುಪಾಸು. ಅದು ಸೈಕಲ್ ಮಾತ್ರದ ತೂಕ ಅಲ್ಲ, ಅಡ್ಡಪಟ್ಟಿ, ಟ್ರೇ ಎಲ್ಲ ಸೇರಿಸಿ. ತೂಲೆ ಕಂಪನಿಯ ಪ್ರೊರೈಡ್ ಟ್ರೇ ಒಂದೇ ನಾಲ್ಕು ಕೆಜಿ ಮೇಲಿದೆ, ಒಂದು ಟ್ರೇ 20 ಕೆಜಿವರೆಗಿನ ಸೈಕಲ್ ಹೊರುತ್ತೆ. ಇವರ ಸೈಕಲ್ಲೇ 55. ನಾಲ್ಕೂ ಮೇಲೆ ಹೋಗೋ ಮಾತೇ ಇಲ್ಲ.

ಕೋಡಿಬದಿ
ಕೈಪಿಡಿ ಹುಡುಕಿ ನೋಡಿದೆ. ನಮ್ಮದು 50 ಕೆಜಿಯೇ. ಇನ್ನೊಂದು ವಿಷಯ, 16 ಕೆಜಿ ಸೈಕಲ್ಲನ್ನ ತಲೆ ಮೇಲೆ ಎತ್ತಿ ಅಲ್ಲಿ ಕೂರಿಸೋದು ನನ್ನಿಂದ ಆಗಲ್ಲ. ನಾನು ಐದಡಿ ಒಂದಿಂಚು. ಯಜಮಾನರು ರಜೆ ಮುಗಿಯೋ ಮುಂಚೆ ವಾಪಸ್ ಬರ್ತಾರೆ, ಊರಲ್ಲಿ ಆಮೇಲೆ ಹಾಕಿ ಇಳಿಸೋಳು ನಾನೇ.

ಸರ್ಜಾಪುರ ಸವಾರ
ಹಾಗಾದರೆ ಛಾವಣಿ ಮರೆತುಬಿಡಿ. ನಾಲ್ಕನೇ ಸೈಕಲ್ ಚಕ್ರ ಬಿಚ್ಚಿ ಒಳಗೆ ಹಾಕಿ.

ನೆಕ್ಕರ್ ತೀರ
ಸ್ಟುಟ್‌ಗಾರ್ಟಿನಿಂದ. ಇಲ್ಲಿ ಹೆಚ್ಚಿನವರು ಕಾರಿನ ಹಿಂದೆ ಟ್ರೇಲರ್ ಎಳೆಯೋಕೆ ಇರೋ ಟೋ ಬಾರ್ ಮೇಲೆ ಕೂರೋ ರ‍್ಯಾಕ್ ಬಳಸ್ತಾರೆ. ಸೊಂಟದೆತ್ತರಕ್ಕೆ ಸೈಕಲ್ ಎತ್ತಿದರೆ ಸಾಕು, ಚಕ್ರಗಳು ಕಾಲುವೆಯಂಥ ತಟ್ಟೆಯಲ್ಲಿ ಕೂರ್ತವೆ. ಕಾರಿನ ಬಣ್ಣಕ್ಕೆ ಏನೂ ತಾಗಲ್ಲ. ಬಹಳಷ್ಟು ರ‍್ಯಾಕುಗಳನ್ನ ಹಿಂದಕ್ಕೆ ಬಾಗಿಸಿದರೆ ಡಿಕ್ಕಿಯೂ ತೆರೆಯುತ್ತೆ.

ಆದರೆ ಇಲ್ಲೂ ತೂಕದ ಲೆಕ್ಕ ತಪ್ಪಲ್ಲ. ಟೋ ಬಾರ್ ಗುಂಡಿನ ಮೇಲೆ ನೇರ ಬೀಳೋ ಭಾರಕ್ಕೆ ಮಿತಿ ಇದೆ, ನಮ್ಮ ಕಾರಿಗೆ 75 ಕೆಜಿ. ರ‍್ಯಾಕೇ 18. ಉಳಿದ 57ರಲ್ಲಿ 25 ಕೆಜಿಯ ಎರಡು ಇ-ಬೈಕ್ ಹಾಕಿದರೆ ಮುಗೀತು. ನಂಬರ್ ಪ್ಲೇಟ್ ಮುಚ್ಚೋದರಿಂದ ಅದೇ ನಂಬರಿನ ಇನ್ನೊಂದು ಪ್ಲೇಟ್ ಮಾಡಿಸಿ ರ‍್ಯಾಕಿನ ಮೇಲೆ ಹಾಕ್ತೀವಿ, ರ‍್ಯಾಕಿಗೆ ಅದರದ್ದೇ ದೀಪಗಳಿರ್ತವೆ.

ಸರ್ಜಾಪುರ ಸವಾರ
ಇಲ್ಲಿ ಹ್ಯಾಚ್‌ಬ್ಯಾಕಿಗೆ ಸರಿಯಾದ ಟೋ ಬಾರ್ ಸಿಗೋದೇ ಕಷ್ಟ. ಮತ್ತೆ ಅದನ್ನ ಸರ್ಕಾರ 2017ರಲ್ಲೇ ಬ್ಯಾನ್ ಮಾಡಿದೆ.

ಡಬಲ್ ಸ್ಟ್ಯಾಂಡ್
ತಪ್ಪು. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದ್ದು ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ವಿಷಯಕ್ಕೆ. ಬಂಪರಿಗೆ ಅಡ್ಡ ಹಾಕ್ತಾರಲ್ಲ ಕಬ್ಬಿಣದ ಕೊಳವೆ, ಅದು. ಪಾದಚಾರಿಗೆ ಗುದ್ದಿದರೆ ಪ್ರಾಣಕ್ಕೇ ಅಪಾಯ ಅಂತ. ಬಿಚ್ಚಿ ಇಡೋ ಸೈಕಲ್ ರ‍್ಯಾಕಿಗೂ ಅದಕ್ಕೂ ಸಂಬಂಧ ಇಲ್ಲ. ಇಂಥ ಅರೆಬರೆ ಮಾತು ಹಬ್ಬಿಸಬೇಡಿ, ಜನ ನಂಬಿಬಿಡ್ತಾರೆ.

ಕಾನೂನಿನ ಪ್ರಕಾರ ನಿಜವಾಗಿ ತೊಂದರೆ ಬರೋದು ನಂಬರ್ ಪ್ಲೇಟ್ ಮತ್ತು ದೀಪಗಳಿಂದ. ಸೈಕಲ್ ಚಕ್ರ ಪ್ಲೇಟಿಗೆ ಅಡ್ಡ ಬಂದರೆ ಪೊಲೀಸರು ನಿಲ್ಲಿಸ್ತಾರೆ, ನಿಲ್ಲಿಸೋದು ಸರಿಯೇ.

ಮಲ್ಲಿಗೆ ಮೈಸೂರು
ಜರ್ಮನಿಯವರ ಥರ ಇನ್ನೊಂದು ಪ್ಲೇಟ್ ಬರೆಸಿ ಸೈಕಲ್ಲಿಗೆ ಕಟ್ಟಿದರೆ?

ಡಬಲ್ ಸ್ಟ್ಯಾಂಡ್
ಅಂಗಡಿಯಲ್ಲಿ ಬರೆಸಿದ್ದು ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಅಂದರೆ ಎಚ್‌ಎಸ್‌ಆರ್‌ಪಿ ಆಗಲ್ಲ. ಒಂದು ತಪ್ಪು ಮುಚ್ಚೋಕೆ ಇನ್ನೊಂದು ತಪ್ಪು. ರ‍್ಯಾಕಿನ ತೋಳುಗಳ ಕೋನ ಒಂದು ಮೆಟ್ಟಿಲು ಮೇಲೆ ಏರಿಸಿ, ಸಾಮಾನ್ಯವಾಗಿ ಪ್ಲೇಟ್ ಕಾಣೋಷ್ಟು ಜಾಗ ಸಿಗುತ್ತೆ. ಹತ್ತಡಿ ಹಿಂದೆ ನಿಂತು ಫೋಟೋ ತೆಗೆದು ನೋಡಿ. ಪ್ಲೇಟು, ಎರಡೂ ಬ್ರೇಕ್ ಲೈಟು, ಇಂಡಿಕೇಟರು ಕಾಣಬೇಕು.

ಗೆಳೆಯರ ಗುಂಪು
ಇಷ್ಟೆಲ್ಲ ತಲೆನೋವು ಯಾಕೆ? ಹೋದ ಊರಲ್ಲಿ ಬಾಡಿಗೆಗೆ ತಗೊಳ್ಳಿ.

ಮಲ್ಲಿಗೆ ಮೈಸೂರು
ಮೈಸೂರಾದರೆ ಆ ಮಾತು ಒಪ್ಪುತ್ತೆ. ಟ್ರಿನ್ ಟ್ರಿನ್ ಅನ್ನೋ ಬಾಡಿಗೆ ಸೈಕಲ್ ಯೋಜನೆ 2017ರಲ್ಲೇ ಶುರುವಾಯ್ತು. ನಮ್ಮಲ್ಲಿಗೆ ಬರೋ ನೆಂಟರಿಗೆ ನಾನು ಅದನ್ನೇ ಹೇಳೋದು. ಆದರೆ ಎಂಟು ವರ್ಷದ ಹುಡುಗನ ಅಳತೆಯ ಸೈಕಲ್ ಯಾವ ಊರಲ್ಲೂ ಬಾಡಿಗೆಗೆ ಸಿಗಲ್ಲ. ಮಕ್ಕಳ ಸೈಕಲ್ ಒಯ್ಯಲೇಬೇಕು.

ಅಂದಹಾಗೆ ಮೊದಲೆಲ್ಲ ನಮ್ಮವರು ಬೆಂಗಳೂರಿಂದ ಮೈಸೂರಿಗೆ ಹೆದ್ದಾರಿಯಲ್ಲೇ ಸೈಕಲ್ ತುಳ್ಕೊಂಡು ಬರ್ತಿದ್ದರು. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆ ಸೈಕಲ್ಲಿಗೂ ಪ್ರವೇಶ ಇಲ್ಲ. ಈಗ ಬಹಳ ಜನ ಕಾರಿಗೆ ಹೇರ್ಕೊಂಡು ಬಂದು ಇಲ್ಲಿಂದ ತುಳೀತಾರೆ.

ಗೆಳೆಯರ ಗುಂಪು
ಸರ್ವಿಸ್ ರಸ್ತೆಯಲ್ಲಿ ಹೋಗಬಹುದಲ್ಲ?

ಮಲ್ಲಿಗೆ ಮೈಸೂರು
ಹೋಗಬಹುದು. ಎದುರಿಂದ ಬರೋ ಬೈಕುಗಳನ್ನ ತಪ್ಪಿಸಿಕೊಂಡು ಹೋಗೋ ಧೈರ್ಯ ಇದ್ದರೆ.

ಬೈಂದೂರ್ ಬದಿ
ಹ್ವಾಯ್, ಕುಂದಾಪ್ರಕ್ಕೆ ಬತ್ರ್ಯಾ! ಖುಷಿ ಆಯ್ತ್ ಕಾಣಿ. ಆರೆ ಮಕ್ಕಳನ್ನ ಹೈವೇಗೆ ಬಿಡ್ಬೇಡಿ. ಮರವಂತೆಯಗೆ ಒಂದ್ ಬದಿ ಕಡ್ಲ್, ಇನ್ನೊಂದ್ ಬದಿ ಸೌಪರ್ಣಿಕಾ ಹೊಳಿ, ಕಾಂಬುಕೆ ಚಂದ. ಸೈಕಲ್ ಹೊಡುಕೆ ಮಾತ್ರ ಆ ಜಾಗ ಅಲ್ಲ, ಬಸ್ಸು ಲಾರಿ ಹ್ಯಾಂಗ್ ಬತ್ತೋ ಹೇಳೂಕಾತಿಲ್ಲ. ಕೋಡಿ ಬದಿಗೆ ಹೋಯ್ನಿ, ಬಸ್ರೂರ್ ಒಳ್ದಾರಿ ಇತ್ತ್. ಬೆಳಿಗ್ಗೆ ಆರ್ ಗಂಟಿಗೆ ಹೋರೆ ಬಿಸಿಲೂ ಇಲ್ಲ.

ಮತ್ತೊಂದ್. ಕಡಲ್ ಬದಿಯಗೆ ಹೊಡ್ದ್ ಬಂದ್ ಕೂಡ್ಲೆ ಚೈನಿಗೆ ಸಿಹಿನೀರ್ ಹಾಕಿ ತೊಳ್ದ್, ಒರೆಸಿ, ಎಣ್ಣಿ ಬಿಡಿ. ಉಪ್ಪಿನ ಗಾಳಿಗೆ ಎರಡೇ ದಿನದಗೆ ತುಕ್ಕ್ ಹಿಡಿತ್ತ್. ರ‍್ಯಾಕಿನ ಬಕಲ್ಲಿಗೂ ಅಷ್ಟೇ.

ಕೋಡಿಬದಿ
ಬಸ್ರೂರು ದಾರಿ ನೆನಪಿಸಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ಅಲ್ಲಿ ಶಾಲೆಗೆ ಹೋಗುವಾಗ ನಾನೂ ತುಳಿದಿದ್ದೇನೆ.

ಮಿಕ್ಕವರಿಗೆ ಒಂದು ಪ್ರಶ್ನೆ. ಮೂರು ಸೈಕಲ್ಲಿನ ಪಟ್ಟಿ ರ‍್ಯಾಕಿನ ಮಿತಿ 45 ಕೆಜಿ ಅಂತ ಬರೆದಿದೆ. ಯಜಮಾನರದ್ದು, ನನ್ನದು, ಮಗಳದ್ದು ಸೇರಿದರೆ 44. ಸರಿಯಾಗುತ್ತಲ್ಲ?

ಸರ್ಜಾಪುರ ಸವಾರ
ಆರಾಮಾಗಿ.

ಪಂಚರ್ ಅಂಗಡಿ
ಇಲ್ಲ. ಒಂದು ಕೆಜಿ ಅಂತರ ಇಟ್ಕೊಂಡು ನಾನೂರು ಕಿಲೋಮೀಟರ್, ಅದೂ ಬಣ್ಣ ಬಳಿಯದ ಹಂಪುಗಳಿರೋ ರಸ್ತೆಯಲ್ಲಿ, ನಾನಂತೂ ಹೋಗಲ್ಲ. ಹಂಪ್ ಮೇಲೆ ಹಾರಿ ಬಿದ್ದ ಕ್ಷಣದಲ್ಲಿ ಪಟ್ಟಿಗೆ ಬೀಳೋ ಎಳೆತ ನಿಂತಿದ್ದಾಗಿನದಕ್ಕಿಂತ ಎಷ್ಟೋ ಜಾಸ್ತಿ. ಮತ್ತೆ ಮೂರನೇ ಸೈಕಲ್ ಕಾರಿನಿಂದ ಎಷ್ಟು ದೂರ ಇರುತ್ತೋ ಅಷ್ಟು ಜಗ್ಗುತ್ತೆ. ಕೈ ಚಾಚಿ ಬಿಂದಿಗೆ ಹಿಡಿದು ನೋಡಿ, ಸೊಂಟಕ್ಕೆ ಒತ್ತಿ ಹಿಡಿದು ನೋಡಿ. ತೂಕ ಅದೇ, ತೋಳಿಗೆ ಗೊತ್ತಾಗುತ್ತೆ ವ್ಯತ್ಯಾಸ.

ಒಂದು ದೊಡ್ಡವರ ಸೈಕಲ್ ಬಿಟ್ಟು ಹೋಗಿ. ಭಾರದ್ದು ಕಾರಿಗೆ ಹತ್ತಿರ, ಹಗುರದ್ದು ಕೊನೆಗೆ. ಒಂದರ ಹ್ಯಾಂಡಲ್ ಎಡಕ್ಕಾದರೆ ಮುಂದಿನದು ಬಲಕ್ಕೆ.

ಚೈನ್ ಕವರ್
ಯಾರೂ ಹೇಳದ ವಿಷಯ: ಲೇಡೀಸ್ ಸೈಕಲ್ಲಿಗೆ ಮೇಲಿನ ಅಡ್ಡ ಕೊಳವೆ ಇರಲ್ಲ. ರ‍್ಯಾಕಿನ ತೋಳಿಗೆ ಹಾಕಿದರೆ ಓರೆಯಾಗಿ ನೇತಾಡುತ್ತೆ, ಚಕ್ರ ನೆಲದ ಹತ್ತಿರ ಬರುತ್ತೆ. ಸೀಟಿನ ಕಂಬಕ್ಕೂ ಹ್ಯಾಂಡಲ್ ಕಂಬಕ್ಕೂ ಸಿಗಿಸೋ ಅಡ್ಡಕೋಲು ಬೇರೆ ಮಾರ್ತಾರೆ, ಒಂದು ತಗೊಳ್ಳಿ. 20 ಇಂಚಿನದಕ್ಕೂ ಬೇಕಾಗಬಹುದು, ಚಿಕ್ಕ ಫ್ರೇಮಿನೊಳಗೆ ಎರಡು ತೋಳು ಹಿಡಿಸಲ್ಲ.

ಸೈಲೆನ್ಸರ್ ಕಡೆಗೂ ಕಣ್ಣಿಡಿ. ನನ್ನ ಮಗಳ ಸೈಕಲ್ಲಿನ ಹಿಂದಿನ ಟೈರ್ ಹೊಗೆ ಕೊಳವೆಯ ನೇರಕ್ಕೆ ಒಂದು ಗೇಣು ದೂರದಲ್ಲಿ ನೇತಾಡ್ತಿತ್ತು. ಹಾಸನ ತಲುಪೋ ಹೊತ್ತಿಗೆ ರಬ್ಬರ್ ಮೆತ್ತಗಾಗಿ ಬೆರಳು ಒತ್ತಿದರೆ ಗುರುತು ಬೀಳ್ತಿತ್ತು. ಟ್ಯೂಬ್ ಆಗಲೇ ಹೋಗಿತ್ತು. ಊರಿಗೆ ಹೋಗಿ ಅವಳು ಮೂರು ದಿನ ಸೈಕಲ್ ನೋಡ್ಕೊಂಡು ಕೂತಳು.

ಹುಬ್ಬಳ್ಳಿ ಹೈದ
ಪೆಡಲ್ ಬಿಚ್ಚಿದ್ರ ಒಂದಕ್ಕೊಂದು ತಾಗೂದು ಅರ್ಧ ಕಡಿಮಿ ಆಗ್ತದ. ಎಡಗಡೆ ಪೆಡಲ್ ಉಲ್ಟಾ ಥ್ರೆಡ್ ಇರ್ತದ, ನೆನಪಿರ್ಲಿ. ಬಲಗಡೆದ್ದರಂಗ ತಿರುವಿದ್ರ ಬಿಗೀನ ಆಗ್ತದ, ಜಾಸ್ತಿ ಜಗ್ಗಿದ್ರ ಥ್ರೆಡ್ಡೇ ಹೋಗ್ತದ.

ಸರ್ಜಾಪುರ ಸವಾರ
ಉದ್ದದ ಪಟ್ಟಿ ಗಾಳಿಗೆ ಗುಂಯ್ ಅಂತ ಸದ್ದು ಮಾಡಿದರೆ ಕಟ್ಟೋ ಮುಂಚೆ ಒಂದು ಸುತ್ತು ತಿರುಚಿ. ಸದ್ದು ನಿಲ್ಲುತ್ತೆ. ಉಳಿದ ತುದಿಗೆ ಗಂಟು ಹಾಕಿ ಡಿಕ್ಕಿಯೊಳಗೆ ಸೇರಿಸಿ ಬಾಗಿಲು ಹಾಕಿ. ಇದರಲ್ಲಿ ಯಾರೂ ತಪ್ಪು ಹುಡುಕಲ್ಲ ಅಂದ್ಕೋತೀನಿ.

ಪಂಚರ್ ಅಂಗಡಿ
ಇದು ನೂರಕ್ಕೆ ನೂರು ಸರಿ. ಗಂಟು ಮುಖ್ಯ. ಬಕಲ್ ಜಾರಿದರೂ ಗಂಟು ಬಾಗಿಲಿಗೆ ಸಿಕ್ಕಿ ನಿಲ್ಲುತ್ತೆ. ಹೊರಟು ಹತ್ತು ಕಿಲೋಮೀಟರಿಗೆ ನಿಲ್ಲಿಸಿ ಪಟ್ಟಿ ಮತ್ತೆ ಎಳೀರಿ. ಹೊಸ ಪಟ್ಟಿ ಮೊದಲಲ್ಲಿ ಸಡಿಲ ಆಗೇ ಆಗುತ್ತೆ. ಆಮೇಲೆ ಕಾಫಿಗೆ ನಿಲ್ಲಿಸಿದಾಗಲೆಲ್ಲ ಒಮ್ಮೆ.

ಪ್ಯಾಡ್ ಕೂರೋ ಜಾಗ ಒದ್ದೆ ಬಟ್ಟೆಯಲ್ಲಿ ಒರೆಸಿ ಕಟ್ಟಿ. ಬಣ್ಣ ಹಾಳಾಗೋದು ಪ್ಯಾಡಿನಿಂದಲ್ಲ, ಅದರಡಿ ಸಿಕ್ಕ ಧೂಳಿನಿಂದ, ದಾರಿಯುದ್ದಕ್ಕೂ ಉಜ್ಜಿ ಉಜ್ಜಿ.

ಚೈನ್ ಕವರ್
ಸೈಕಲ್ಲುಗಳ ನಡುವೆ ಹಳೇ ಕಾಟನ್ ಸೀರೆ ಸುತ್ತಿ. ಫೋಮಿಗಿಂತ ಚೆನ್ನಾಗಿ ಕೂರುತ್ತೆ.

ನೆಕ್ಕರ್ ತೀರ
ರಿವರ್ಸ್ ಸೆನ್ಸರ್ ಇಡೀ ಹೊತ್ತು ಬಡ್ಕೊಳ್ಳುತ್ತೆ, ಕ್ಯಾಮೆರಾದಲ್ಲಿ ಸೈಕಲ್ ಟೈರ್ ಮಾತ್ರ ಕಾಣುತ್ತೆ. ಹಿಂದೆ ತೆಗೆಯುವಾಗ ಒಬ್ಬರು ಇಳಿದು ನಿಂತು ಹೇಳಲೇಬೇಕು. ಕಾರು ಎರಡೂವರೆ ಅಡಿ ಜಾಸ್ತಿ ಉದ್ದ ಆಗಿದೆ ಅಂತ ತಿಳ್ಕೊಳ್ಳಿ. ಹಿಂದಿನ ವೈಪರ್ ಆನ್ ಆಗದ ಹಾಗೆ ನೋಡ್ಕೊಳ್ಳಿ, ಪಟ್ಟಿಗೆ ಸಿಕ್ಕಿದರೆ ಮೋಟಾರ್ ಸುಟ್ಟು ಹೋಗುತ್ತೆ.

ಬೈಂದೂರ್ ಬದಿ
ಬಾಳೆಬರೆ ಘಾಟಿಯಗೆ ಬಪ್ಪುದಾರೆ ತಿರ್ಕಾಸ್ ಸಮಾ ಇತ್ತ್, ಸಾವಕಾಶ ಬನ್ನಿ. ಹಿಂದ್ ನೇಲುದ್ ಕಲ್ಲಿಗ್ ತಾಗುಕಾಗ.

ವೀಕೆಂಡ್ ಅಪ್ಪ
ಬೀಗದ ಬಗ್ಗೆ ಯಾರೂ ಮಾತಾಡಿಲ್ಲ. ಪಟ್ಟಿ ರ‍್ಯಾಕನ್ನ ಒಂದು ಚಾಕು ಸಾಕು ಬಿಡಿಸೋಕೆ. ಮೂರೂ ಫ್ರೇಮಿನೊಳಗೆ ಉದ್ದದ ಕೇಬಲ್ ಲಾಕ್ ಹಾಯಿಸಿ. ಊಟಕ್ಕೆ ನಿಲ್ಲಿಸಿದಾಗ ಹಿಂಬದಿ ಗೋಡೆಗೆ ಆನಿಸಿದಂತೆ ಪಾರ್ಕ್ ಮಾಡಿ, ಕಿಟಕಿಯಿಂದ ಕಾಣೋ ಟೇಬಲ್ಲಲ್ಲಿ ಕೂತ್ಕೊಳ್ಳಿ.

ಕೋಡಿಬದಿ
ಊರಿಗೆ ತಲುಪಿ ಐದು ದಿನವಾಯ್ತು. ಸಹಾಯ ಮಾಡಿದವರಿಗೆಲ್ಲ ಏನಾಯ್ತು ಅಂತ ಹೇಳಬೇಕು.

ಕಮಾನಿನ ಥರದ ರ‍್ಯಾಕ್ ಸೆಕೆಂಡ್ ಹ್ಯಾಂಡಲ್ಲಿ ಸಿಕ್ತು. ಫಿಟ್ ಲಿಸ್ಟಲ್ಲಿ ನಮ್ಮ ಕಾರು ಇತ್ತು. ಕಾರಿನ ಮೇಲಿಟ್ಟು ನೋಡಿದಾಗ ಪಟ್ಟಿಗೂ ಸ್ಪಾಯ್ಲರಿಗೂ ನಡುವೆ ಎರಡು ಬೆರಳು ಜಾಗ ಉಳೀತು. ಹಳೇ ಪಟ್ಟಿಗಳು ಬಿಸಿಲಿಗೆ ಬಣ್ಣ ಹೋಗಿ ಒರಟಾಗಿದ್ದವು, ಅವನ್ನ ಎಸೆದು ಅದೇ ಕಂಪನಿಯ ಹೊಸದು ತರಿಸಿದೆ.

ನನ್ನದು, ಮಗಳದ್ದು, ಮಗನದ್ದು, ಮೂರೇ ಸೈಕಲ್. 40 ಕೆಜಿ. ನನ್ನದಕ್ಕೆ ಅಡ್ಡಕೋಲು ಹಾಕಿದೆ, ಮಗನದ್ದು ಇಲ್ಲದೆಯೇ ಹಿಡಿಸ್ತು. ತೋಳು ಒಂದು ಮೆಟ್ಟಿಲು ಏರಿಸಿದ ಮೇಲೆ ಪ್ಲೇಟ್ ಪೂರ್ತಿ ಕಾಣಿಸ್ತು. ಹತ್ತು ಕಿಲೋಮೀಟರಿಗೆ ನಿಲ್ಲಿಸಿ ನೋಡಿದರೆ ಎಡಗಡೆಯ ಪಟ್ಟಿ ಅರ್ಧ ಇಂಚು ಸಡಿಲ. ಆಮೇಲೆ ಹಾಸನದಲ್ಲಿ ಒಮ್ಮೆ, ಸಕಲೇಶಪುರದಲ್ಲಿ ಒಮ್ಮೆ ಎಳೆದೆ. ಬಾಳೆಬರೆ ಬೇಡ ಅಂತ ಶಿರಾಡಿಯಲ್ಲೇ ಬಂದ್ವಿ. ಎಂಬತ್ತು ದಾಟಿಸಲಿಲ್ಲ, ಹಂಪುಗಳಿಗೆ ಪೂರ್ತಿ ನಿಲ್ಲಿಸಿಯೇ ಹತ್ತಿಸಿದ್ದು. ಎರಡು ತಾಸು ತಡವಾಯ್ತು.

ಸೀರೆ ಸುತ್ತಿದ್ದು ಚೈನ್ ಗ್ರೀಸಿಗೆ ಹೋಯ್ತು, ಆದರೆ ಒಂದು ಗೀರೂ ಬಿದ್ದಿಲ್ಲ.

ಹುಬ್ಬಳ್ಳಿ ಹೈದ
ಛಲೋ ಆತು! ಯಜಮಾನ್ರು ಏನು ತುಳಿಯಾಕತ್ತಾರ ಮತ್ತ?

ಕೋಡಿಬದಿ
ಅಪ್ಪನ ಅಟ್ಲಾಸ್. ಸೌದೆ ಕೊಟ್ಟಿಗೆಯಲ್ಲಿ ಮಡಲಿನ ಅಡಿಯಲ್ಲಿತ್ತು, ಸರಳು ಬ್ರೇಕಿನದು. ಟೈರ್ ಟ್ಯೂಬ್ ಎರಡೂ ಬದಲಿಸಿ, ಹಬ್ಬಿಗೆ ಗ್ರೀಸ್ ಹಾಕಿಸಿದ್ವಿ. ತೂಗಿ ನೋಡಿಲ್ಲ, ಎತ್ತೋಕೆ ಇಬ್ಬರು ಬೇಕು.

ಡಬಲ್ ಸ್ಟ್ಯಾಂಡ್
ಅಟ್ಲಾಸ್! ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ 3ರಂದು ನಿಂತುಹೋಯ್ತು, ವಿಶ್ವ ಸೈಕಲ್ ದಿನವೇ. ಆವತ್ತು ಸುದ್ದಿ ಓದಿ ಬಹಳ ಬೇಸರಪಟ್ಟಿದ್ದೆ. ಬೆಲ್ ಇದೆಯಾ ಇನ್ನೂ?

ಕೋಡಿಬದಿ
ಇದೆ. ಬೆಳಗ್ಗೆ ಕೋಡಿ ದೀಪಸ್ತಂಭದವರೆಗೆ ನಾಲ್ವರೂ ಹೋಗಿ ಬಂದ್ವಿ. ಮಗ ತನ್ನ ಸೈಕಲ್ ಬಿಟ್ಟು ಅದರ ಬೆಲ್ ಹೊಡೀತಾ ನಡೆದೇ ಬಂದ. ವಾಪಸ್ ಬರುವಾಗ ಅದನ್ನೂ ರ‍್ಯಾಕಿಗೆ ಹಾಕೋಣ ಅಂತಿದ್ದಾನೆ.

ಪಂಚರ್ ಅಂಗಡಿ
ಹಾಕಬೇಡಿ. ಪಾರ್ಸೆಲ್ ಮಾಡಿ ಕಳಿಸಿ.